ಹಿಂದೆ ತಿರುಗಿ ನೋಡುವ ನಾಯಿ: ನಮ್ಮ ಕರಾವಳಿಯ ಗುಡ್ಡೆ, ಗದ್ದೆ, ಕಡಲ ತೀರಕ್ಕೆ ಜೊತೆಗಾರನನ್ನು ಆರಿಸುವುದು ಹೇಗೆ?

ಮಣಿಪಾಲದ ಆಚೆ, ನಮ್ಮ ಮನೆಯಿಂದ ಅರ್ಧ ಗಂಟೆ ನಡೆದರೆ ಒಂದು ಗೇರು ಗುಡ್ಡೆ ಸಿಗುತ್ತದೆ. ಹತ್ತು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಅಲ್ಲಿ ನಮ್ಮ ಬೀಗಲ್ ಟಿಂಕುವಿನ ಚೈನ್ ಬಿಚ್ಚಿದೆ. ಅವನ ಮೂಗು ನೆಲಕ್ಕೆ ತಾಗಿತು, ಬಾಲ ಎದ್ದು ನಿಂತಿತು. ಪೊದೆಯೊಳಗೆ ನುಗ್ಗಿದವನು ಒಂದು ಸಲವೂ ತಿರುಗಿ ನೋಡಲಿಲ್ಲ. ಕರೆದು ಕರೆದು ನನ್ನ ಗಂಟಲು ಬಿದ್ದುಹೋಯಿತು. ಮಧ್ಯಾಹ್ನ ಎರಡು ಗಂಟೆಗೆ ಸಿಕ್ಕಿದ, ಹಳೇ ಕೆಂಪುಕಲ್ಲಿನ ಕೋರೆಯ ಅಂಚಿನಲ್ಲಿ. ಕೆಳಗೆ ಮಳೆಗಾಲದ ನೀರು ತುಂಬಿಕೊಂಡಿತ್ತು. ಅವತ್ತು ಕೈ ನಡುಗಿದ್ದು ಈಗಲೂ ನೆನಪಿದೆ.

ಟಿಂಕು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೊಲದ ವಾಸನೆ ಹಿಡಿದು ಓಡಲಿಕ್ಕೆಂದೇ ಇಂಗ್ಲೆಂಡಿನಲ್ಲಿ ಅವನ ಹಿರಿಯರನ್ನು ಬೆಳೆಸಿದ್ದು. ಆ ಬೇಟೆಯಲ್ಲಿ ನಾಯಿ ಮುಂದೆ, ಮನುಷ್ಯ ಹಿಂದೆ. ಮನುಷ್ಯನಿಗಾಗಿ ನಿಂತು ಕಾಯುವ ನಾಯಿ ಆ ಕೆಲಸಕ್ಕೆ ಬೇಡವಾಗಿತ್ತು. ಇಷ್ಟನ್ನು ನಾನು ಮರಿ ತರುವ ಮೊದಲೇ ತಿಳಿದುಕೊಳ್ಳಬೇಕಿತ್ತು.

ಅಂದಿನಿಂದ ಯಾರಾದರೂ "ಗುಡ್ಡೆ ಹತ್ತಲಿಕ್ಕೆ, ಬೀಚಿಗೆ ಕರೆದುಕೊಂಡು ಹೋಗಲಿಕ್ಕೆ ಯಾವ ಜಾತಿ ನಾಯಿ ಒಳ್ಳೇದು?" ಎಂದು ಕೇಳಿದರೆ ನಾನು ಎರಡೇ ಪ್ರಶ್ನೆ ತಿರುಗಿ ಕೇಳುತ್ತೇನೆ. ಈ ಊರಿನ ಸೆಕೆಯಲ್ಲಿ ಅದು ಓಡಬಲ್ಲದೇ? ಓಡುವಾಗ ನಡುನಡುವೆ ತಿರುಗಿ ನಿಮ್ಮ ಮುಖ ನೋಡುತ್ತದೆಯೇ? ಈ ಬರಹ ಪೂರ್ತಿ ಆ ಎರಡು ಪ್ರಶ್ನೆಗಳ ಸುತ್ತವೇ ಇದೆ.

ಹೆಜ್ಜೆ 1: ನಿಮ್ಮ ಒಂದು ವಾರವನ್ನು ಬರೆದಿಡಿ

ನಾಯಿಯ ಫೋಟೋ ನೋಡುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಸೋಮವಾರದಿಂದ ಭಾನುವಾರದವರೆಗೆ ನೀವು ನಿಜವಾಗಿ ಎಷ್ಟು ಹೊತ್ತು ಹೊರಗೆ ಇರುತ್ತೀರಿ ಎಂದು ಬರೆಯಿರಿ. ಮುಂದೆ ಇರಬೇಕು ಅಂದುಕೊಂಡಿರುವ ಲೆಕ್ಕ ಬೇಡ, ಕಳೆದ ವಾರದ್ದು ಸಾಕು. ತಿಂಗಳಿಗೊಮ್ಮೆ ಚಾರಣ, ಉಳಿದ ದಿನ ಅಪಾರ್ಟ್‌ಮೆಂಟಿನ ಕೆಳಗೆ ಹದಿನೈದು ನಿಮಿಷ ಅಂತಾದರೆ, ಬಾರ್ಡರ್ ಕೋಲಿಯಂಥ ನಾಯಿ ನಿಮ್ಮ ಮನೆಯಲ್ಲಿ ಹುಚ್ಚು ಹಿಡಿದಂತೆ ಆಡುತ್ತದೆ. ದಿನಕ್ಕೆ ಒಂದೂವರೆ ಗಂಟೆ, ಮಳೆಗಾಲದಲ್ಲೂ ತಪ್ಪದೆ ಹೊರಗೆ ಹೋಗುತ್ತೀರಿ ಎಂದಾದರೆ ಆಯ್ಕೆ ದೊಡ್ಡದಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಮರೆತು ಲೆಕ್ಕ ಹಾಕಬೇಡಿ. ವರ್ಷದ ಮೂರನೇ ಒಂದು ಭಾಗ ಅದೇ ಅಲ್ವಾ.

ಎಲ್ಲಿ ನಡೆಯುತ್ತೀರಿ ಎಂದೂ ಬರೆಯಿರಿ. ತಣ್ಣೀರುಬಾವಿ, ಸಸಿಹಿತ್ಲು, ಮಲ್ಪೆಯ ಮರಳೇ? ಕೊಯ್ಲಾದ ಗದ್ದೆಯೇ? ಅಡಿಕೆ ತೋಟವೇ? ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಬೋಳು ಗುಡ್ಡೆಯೇ? ಒಂದೊಂದಕ್ಕೂ ಬೇರೆ ಬೇರೆ ಕಾಲು, ಬೇರೆ ಬೇರೆ ಸ್ವಭಾವ ಬೇಕಾಗುತ್ತದೆ.

ಹೆಜ್ಜೆ 2: ಸೆಕೆಯ ಜರಡಿ ಹಿಡಿಯಿರಿ

ಬಹಳ ಜನ ತಪ್ಪುವುದು ಇಲ್ಲಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಒಂಚೂರು ಬೆವರುತ್ತದೆ, ಅಷ್ಟೇ. ಅದು ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಬಾಯಿ, ನಾಲಿಗೆ, ಮೂಗಿನ ತೇವ ಆರುತ್ತಾ ಹೋದಂತೆ ಮೈ ತಣಿಯುತ್ತದೆ. ಗಾಳಿಯಲ್ಲೇ ನೀರಿನ ಅಂಶ ತುಂಬಿದ್ದರೆ ಆ ತೇವ ಆರುವುದೇ ಇಲ್ಲ. ಹಗ್ಗದ ಮೇಲೆ ಹಾಕಿದ ಬಟ್ಟೆ ಒಣಗದ ದಿನ ನಾಯಿಯ ಮೈಯೂ ತಣಿಯುವುದಿಲ್ಲ ಎಂದು ನೆನಪಿಟ್ಟುಕೊಳ್ಳಿ. ಹಾಗಾಗಿ ಬಾಗಲಕೋಟೆಯ ಒಣ ಬಿಸಿಲಿನಲ್ಲಿ ಆರಾಮಾಗಿ ಓಡಿದ ನಾಯಿ, ಅದಕ್ಕಿಂತ ಕಡಿಮೆ ಬಿಸಿಲಿರುವ ಮಂಗಳೂರಿನಲ್ಲಿ ಸುಸ್ತಾಗಿ ಕೂರಬಹುದು. ಬರೀ ಡಿಗ್ರಿ ನೋಡಿ ನಿರ್ಧಾರ ಮಾಡಬೇಡಿ.

ಆರೋಗ್ಯವಾಗಿರುವ ನಾಯಿಯ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಅಷ್ಟಕ್ಕೆ ಹೋಗಲು ಏಪ್ರಿಲ್ ತಿಂಗಳ ಹತ್ತು ಗಂಟೆಯ ಬಿಸಿಲಲ್ಲಿ ಒಂದಿಷ್ಟು ಚೆಂಡಾಟ ಸಾಕು.

ಈ ಜರಡಿಯಲ್ಲಿ ಮೊದಲು ಹೊರಗೆ ಉಳಿಯುವವು ಚಪ್ಪಟೆ ಮುಖದವು: ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಕ್ಸರ್. ಮೂಗಿನ ದಾರಿಯೇ ಗಿಡ್ಡ. ಏದುಸಿರು ಬಿಟ್ಟು ತಣಿಸಿಕೊಳ್ಳುವ ಯಂತ್ರವೇ ಅವಕ್ಕೆ ಅರ್ಧ ಇದೆ. ಮನೆಯಲ್ಲಿ ಅವು ಮುದ್ದಾದ ಜೀವಗಳು. ಗುಡ್ಡೆಗೆ ಮಾತ್ರ ಬೇಡ. ಆಮೇಲೆ ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ಹಿಮದ ನಾಡಿನವು. ಹಸ್ಕಿಗೆ ಇನ್ನೊಂದು ತೊಂದರೆಯೂ ಇದೆ. ಸ್ಲೆಡ್ಜ್ ಎಳೆದು ದೂರ ದೂರ ಮುಂದಕ್ಕೆ ಓಡುವುದೇ ಅದರ ರಕ್ತದಲ್ಲಿದೆ. ಬಿಚ್ಚಿಬಿಟ್ಟರೆ ಮುಂದಕ್ಕೇ ಓಡುತ್ತದೆ. ನಮ್ಮ ಎರಡೂ ಪ್ರಶ್ನೆಗೆ ಅದರ ಉತ್ತರ "ಇಲ್ಲ". ಕಣ್ಣು ನೀಲಿ ಇದೆ ಎಂದು ಆಸೆಪಟ್ಟು ಈ ಸೆಕೆಗೆ ತಂದು ಕಟ್ಟಿಹಾಕುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಉದ್ದ ಕೂದಲಿನ ಗೋಲ್ಡನ್ ರಿಟ್ರೀವರ್ ಈ ಜರಡಿಯ ಅಂಚಿನಲ್ಲಿ ನಿಲ್ಲುತ್ತದೆ. ಸ್ವಭಾವ ಚಿನ್ನ. ಆದರೆ ಮಳೆಗಾಲದಲ್ಲಿ ಆ ಒತ್ತಾದ ಕೂದಲು ಬುಡದವರೆಗೆ ಒಣಗುವುದೇ ಇಲ್ಲ. ಚರ್ಮ ಒದ್ದೆಯಾಗಿಯೇ ಉಳಿದು ಹುಣ್ಣಾಗುತ್ತದೆ. ದಿನಾ ಒರೆಸಿ, ಬಾಚಿ, ಫ್ಯಾನ್ ಕೆಳಗೆ ಕೂರಿಸಿ ಒಣಗಿಸುವ ತಾಳ್ಮೆ ಇದ್ದವರು ಮಾತ್ರ ಯೋಚಿಸಿ.

ಹೆಜ್ಜೆ 3: ಅದರ ಹಿರಿಯರು ಯಾವ ಕೆಲಸ ಮಾಡುತ್ತಿದ್ದರು ಎಂದು ಕೇಳಿ

ತಳಿ ಅಂದರೆ ಬರೀ ಬಣ್ಣ, ಎತ್ತರ ಅಲ್ಲ. ನೂರಾರು ವರ್ಷ ಒಂದೇ ಕೆಲಸಕ್ಕೆ ಆರಿಸಿ ಆರಿಸಿ ಉಳಿಸಿಕೊಂಡ ಸ್ವಭಾವವೂ ಹೌದು. ಆ ಕೆಲಸದಲ್ಲಿ ನಾಯಿ ಮನುಷ್ಯನ ಕಡೆ ನೋಡಬೇಕಿತ್ತೇ, ಅಥವಾ ತನ್ನಷ್ಟಕ್ಕೆ ನಿರ್ಧಾರ ಮಾಡಬೇಕಿತ್ತೇ? ಚೈನ್ ಬಿಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ಮೊದಲ ಸುಳಿವು ಇದೇ.

ಲ್ಯಾಬ್ರಡಾರ್‌ನಿಂದ ಶುರು ಮಾಡೋಣ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಮೀನುಗಾರರ ಜೊತೆ ಇದ್ದ ನೀರು ನಾಯಿಗಳ ಸಂತತಿ ಇದು. ನೀರಿಗೆ ಹಾರಿ, ಬಿದ್ದದ್ದನ್ನು ಬಾಯಲ್ಲಿ ಹಿಡಿದು, ಮನುಷ್ಯನ ಕೈಗೇ ತಂದು ಕೊಡುವುದು ಅದರ ಕೆಲಸ. ಹೋಗುವುದರಷ್ಟೇ ವಾಪಸ್ ಬರುವುದೂ ಆ ಕೆಲಸದ ಭಾಗ. ಮೀನುಗಾರರ ಊರಿನವರಾದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಇನ್ನೊಂದು ಅನುಕೂಲ ಹೊಟ್ಟೆ. ಹಸಿವಿನ ಹತೋಟಿಗೆ ಸಂಬಂಧಿಸಿದ ಒಂದು ಜೀನ್‌ನಲ್ಲಿ ಕೊರತೆ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಇದೆ ಎಂದು ಕೇಂಬ್ರಿಜ್‌ನ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ತಿಂಡಿ ತೋರಿಸಿ ಕಲಿಸುವವರಿಗೆ ಇದು ವರ. ತೂಕ ಏರಿಸಿಬಿಟ್ಟರೆ ಅದೇ ಶಾಪ. ಕೆಲಸದ ಮೈಕಟ್ಟಿನ ತೆಳ್ಳಗಿನ ಲ್ಯಾಬ್ ಹುಡುಕಿ, ಪೀಪಾಯಿಯಂಥದ್ದು ಬೇಡ. ಬೆಳಿಗ್ಗೆ ಬೇಗ ಹೋಗಿ, ನೀರಿನ ಹತ್ತಿರ ಇಟ್ಟುಕೊಂಡರೆ ನಮ್ಮ ಹವೆಯನ್ನು ಇದು ತಡೆದುಕೊಳ್ಳುತ್ತದೆ. ಮೊದಲ ಸಲ ನಾಯಿ ಸಾಕುವವರಿಗೆ, ಕಡಲ ತೀರಕ್ಕೆ, ನನ್ನ ಮೊದಲ ಸಲಹೆ ಇದೇ.

ಕಾಕರ್ ಸ್ಪೇನಿಯಲ್ ಅನ್ನು ಜನ ಸೋಫಾದ ನಾಯಿ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಬೇಟೆಗಾರನ ಬಂದೂಕಿನ ಅಳತೆಯೊಳಗೇ ಪೊದೆ ಜಾಲಾಡಿ ಹಕ್ಕಿ ಎಬ್ಬಿಸುವ ನಾಯಿ. ಹತ್ತಿರವೇ ಸುತ್ತಾಡುವ ಸ್ವಭಾವ ಅದಕ್ಕೆ ಹುಟ್ಟಿನಿಂದ ಬಂದದ್ದು. 12–15 ಕಿಲೋ ತೂಕ, ಹೊತ್ತು ತರಲೂ ಸುಲಭ. ಕಿವಿಯೊಂದೇ ಕಷ್ಟ. ಜೋತುಬಿದ್ದ ಕಿವಿಯೊಳಗೆ ನಮ್ಮ ತೇವಕ್ಕೆ ಸೋಂಕು ಬೇಗ ಹಿಡಿಯುತ್ತದೆ.

ಜರ್ಮನ್ ಶೆಫರ್ಡ್, ಬಾರ್ಡರ್ ಕೋಲಿ ಕುರಿ ಕಾಯುವ ಗುಂಪಿನವು. ಯಜಮಾನನ ಕೈಸನ್ನೆ, ಸಿಳ್ಳೆ ನೋಡಿಕೊಂಡೇ ಕೆಲಸ ಮಾಡಿದವು. ಕಲಿಯುವ ಬುದ್ಧಿಯಲ್ಲಿ ಇವನ್ನು ಮೀರಿಸುವವು ಕಡಿಮೆ. ಆದರೆ ಓಡುವ ಬೈಕು, ಮಕ್ಕಳು, ಗದ್ದೆಯ ಹಸು, ಎಲ್ಲವನ್ನೂ ಸುತ್ತುಹಾಕಿ ಒಟ್ಟುಮಾಡಲು ನೋಡುತ್ತವೆ. ಶೆಫರ್ಡ್ ತರುವುದಾದರೆ ಬೆನ್ನು ತೀರಾ ಇಳಿಜಾರಾಗಿರುವ, ಹಿಂಗಾಲು ಬಾಗಿಸಿ ನಡೆಯುವ ಸಾಲಿನದ್ದು ಬೇಡ. ಬಾರ್ಡರ್ ಕೋಲಿ ಅಥವಾ ಕೋಲಿ ಬೆರಕೆ ತಂದರೆ ಒಂದು ಮಾತು ಮರೆಯಬೇಡಿ. ಉಣ್ಣಿಗೆಂದು ಹಾಕುವ ಐವರ್‌ಮೆಕ್ಟಿನ್ ಕೋಲಿ ಗುಂಪಿನ ಕೆಲವು ನಾಯಿಗಳ ಮಿದುಳಿಗೆ ವಿಷವಾಗುತ್ತದೆ. ಅದಕ್ಕೆ ಕಾರಣ ಒಂದು ಜೀನ್. ಡಾಕ್ಟರಿಗೆ ಮೊದಲೇ ಹೇಳಿಬಿಡಿ, ನೀವಾಗಿ ಅಂಗಡಿಯಿಂದ ತಂದು ಕೊಡಲೇಬೇಡಿ. ಬೆಲ್ಜಿಯನ್ ಮ್ಯಾಲಿನೋಯ್ ಬಗ್ಗೆ ಈಗ ಜಾಸ್ತಿ ಜನ ಕೇಳುತ್ತಾರೆ. ಪೊಲೀಸ್, ಸೇನೆಯ ಕೆಲಸಕ್ಕೆ ಅದು ಅದ್ಭುತ. ಆಫೀಸಿಗೆ ಹೋಗಿ ಸಂಜೆ ಬರುವ ಮನೆಗೆ ಅಲ್ಲ.

ಡಾಬರ್‌ಮನ್ ಅನ್ನು ಜನ ಸುಮ್ನೆ ಹೆದರಿ ಬಿಡುತ್ತಾರೆ. ಗಿಡ್ಡ ಕೂದಲು, ಉದ್ದ ಮೂತಿ, ತೆಳ್ಳಗಿನ ಮೈ. ಹವೆಗೆ ಹೊಂದುತ್ತದೆ. ಅದಕ್ಕಿಂತ ಮುಖ್ಯವಾಗಿ ಅದು ಯಜಮಾನನ ಕಾಲ ಬುಡ ಬಿಟ್ಟು ದೂರ ಹೋಗುವುದೇ ಕಡಿಮೆ. ಹೃದಯದ ಕಾಯಿಲೆ ಈ ತಳಿಯಲ್ಲಿ ಜಾಸ್ತಿ. ತಂದೆ ತಾಯಿ ಎಷ್ಟು ವರ್ಷ ಬದುಕಿದವು ಎಂದು ಕೇಳಿಯೇ ಮರಿ ತನ್ನಿ.

ಡಾಲ್ಮೇಶಿಯನ್ ಕುದುರೆಗಾಡಿಯ ಪಕ್ಕ ಮೈಲಿಗಟ್ಟಲೆ ಓಡಿದ ನಾಯಿ. ದಮ್ಮು ಬೇಕಾದಷ್ಟಿದೆ. ಆದರೆ ಈ ತಳಿಯಲ್ಲಿ ಹುಟ್ಟುಗಿವುಡು ಬಹಳ. ಒಂದು ಕಿವಿ ಮಾತ್ರ ಕೇಳದ ಮರಿಯನ್ನು ಕಂಡುಹಿಡಿಯುವುದೂ ಕಷ್ಟ, ಅದಕ್ಕೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ಗೊತ್ತಾಗುವುದಿಲ್ಲ. ನೀವು ಕರೆದದ್ದೇ ಕೇಳದಿದ್ದರೆ ಬರುವುದೆಲ್ಲಿಂದ? ಮರಿ ಬೆನ್ನು ತಿರುಗಿಸಿ ಕೂತಾಗ ಹಿಂದಿನಿಂದ ಕೀಲಿಕೈ ಅಲ್ಲಾಡಿಸಿ ನೋಡಿ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ.

ಇನ್ನು ನಮ್ಮ ಹೆಮ್ಮೆಯ ಮುಧೋಳ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ. ಓಡುವಾಗ ನೋಡಬೇಕು, ಕಣ್ಣು ತುಂಬುತ್ತದೆ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಒಂದು ಮೊಲವೋ, ನವಿಲೋ, ಪಕ್ಕದ ಮನೆಯ ಕೋಳಿಯೋ ಓಡಿದರೆ ಸಾಕು, ಕಿವಿ ಮುಚ್ಚಿಹೋಗುತ್ತದೆ. ನೀವು "ಬಾ" ಅನ್ನುವಷ್ಟರಲ್ಲಿ ಅದು ಗದ್ದೆಯ ಆ ತುದಿಯಲ್ಲಿರುತ್ತದೆ. ನಮ್ಮ ಊರುಗಳಲ್ಲಿ ಮನೆ ಮನೆಗೂ ಕೋಳಿ ಇದೆ. ಅದು ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಸಾಕಿದ ಕೋಳಿಯಾಗಿದ್ದರೆ ಜಗಳ ವರ್ಷಗಟ್ಟಲೆ ನಿಲ್ಲುತ್ತದೆ. ಎತ್ತರದ ಬೇಲಿ ಇರುವ ಜಾಗವಿದ್ದರೆ ಮುಧೋಳ ತನ್ನಿ, ಅದನ್ನು ಚೆನ್ನಾಗಿ ಓಡಿಸಿ. ತೆರೆದ ಗುಡ್ಡೆಯಲ್ಲಿ ಚೈನ್ ಬಿಚ್ಚುವ ಆಸೆ ಬಿಡಿ. ತಮಿಳುನಾಡಿನ ಚಿಪ್ಪಿಪಾರೈಗೂ ಇದೇ ಮಾತು.

ಬೀಗಲ್ ಕತೆ ಹೇಳಿಯಾಯಿತು. ಡ್ಯಾಶ್‌ಹೌಂಡ್ ಮಂಗಳೂರು ಕಡೆ ಬಹಳ ಮನೆಗಳಲ್ಲಿದೆ. ಬಿಲಕ್ಕೆ ನುಗ್ಗುವ ಧೈರ್ಯ ಅದರದ್ದು. ಹಾವಿರುವ ನಾಡಿನಲ್ಲಿ ಆ ಧೈರ್ಯವೇ ಅಪಾಯ. ಉದ್ದ ಬೆನ್ನಿನ ಮೂಳೆಗೆ ಕಲ್ಲುದಾರಿಯ ಜಿಗಿತವೂ ಆಗಿಬರುವುದಿಲ್ಲ.

ಕೊನೆಗೆ, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು: ಊರ ನಾಯಿ. ಕಂತ್ರಿ ಎಂದು ಕರೆದು ದೂರ ಮಾಡುತ್ತೇವಲ್ಲ, ಅದೇ. 15ರಿಂದ 20 ಕಿಲೋ ತೂಕ, ಗಿಡ್ಡ ಕೂದಲು, ಉದ್ದ ಮೂತಿ, ನೆಟ್ಟಗಿನ ಕಿವಿ, ಗಟ್ಟಿ ಪಾದ. ಈ ಮಳೆ, ಈ ಸೆಕೆ, ಈ ಮುರಕಲ್ಲು ತಲೆಮಾರುಗಟ್ಟಲೆ ಸೋಸಿ ಉಳಿಸಿದ ಮೈ ಅದು. ಸೆಕೆಯ ಜರಡಿಯಲ್ಲಿ ಇದನ್ನು ಮೀರಿಸುವ ತಳಿ ನನಗೆ ಕಂಡಿಲ್ಲ. ಎರಡನೇ ಪ್ರಶ್ನೆಗೆ ಮಾತ್ರ ಒಂದೊಂದು ನಾಯಿಯದ್ದು ಒಂದೊಂದು ಉತ್ತರ. ಕೆಲವು ನೆರಳಿನಂತೆ ಹಿಂದೆ ಬರುತ್ತವೆ, ಕೆಲವು ಊರು ಸುತ್ತುವುದನ್ನು ಬಿಡುವುದೇ ಇಲ್ಲ. ಹಾಗಾಗಿ ಇಲ್ಲಿ ತಳಿಗಿಂತ ಆ ಒಂದು ನಾಯಿಯನ್ನು ನೋಡಬೇಕು. ಅದಕ್ಕೆ ಮುಂದಿನ ಹೆಜ್ಜೆ.

ಹೆಜ್ಜೆ 4: ತಳಿಯನ್ನು ಬಿಟ್ಟು ಎದುರಿಗಿರುವ ನಾಯಿಯನ್ನು ನೋಡಿ

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಅದರಲ್ಲಿತ್ತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ಬರುವುದು ಸುಮಾರು ಶೇಕಡಾ 9 ಮಾತ್ರ ಎಂದು ಅವರು ಕಂಡುಕೊಂಡರು. ಮನುಷ್ಯ ಹೇಳಿದಂತೆ ಕೇಳುವ ಗುಣದಲ್ಲಿ ತಳಿಯ ಪಾಲು ಬೇರೆ ಗುಣಗಳಿಗಿಂತ ಜಾಸ್ತಿ ಇತ್ತು. ಅಲ್ಲೂ ಒಂದೇ ತಳಿಯ ಎರಡು ನಾಯಿಗಳ ನಡುವೆ ಬೇಕಾದಷ್ಟು ಅಂತರ ಕಂಡಿತು. ಅಂದರೆ ಹೆಜ್ಜೆ 3 ದಾರಿ ತೋರಿಸುತ್ತದೆ, ಊರು ಮುಟ್ಟಿಸುವುದಿಲ್ಲ. ಸೋಮಾರಿ ಬಾರ್ಡರ್ ಕೋಲಿಯೂ ಇದೆ, ಕರೆದ ಕೂಡಲೇ ಓಡಿಬರುವ ಬೀಗಲ್ಲೂ ಇದೆ.

ದೊಡ್ಡ ನಾಯಿಯನ್ನು, ಅಂದರೆ ಒಂದೂವರೆ ವರ್ಷ ದಾಟಿದ್ದನ್ನು, ದತ್ತು ತೆಗೆದುಕೊಳ್ಳುವುದಾದರೆ ನಿಮ್ಮ ಕೆಲಸ ಸುಲಭ. ಅದರ ಸ್ವಭಾವ ಆಗಲೇ ಗಟ್ಟಿಯಾಗಿರುತ್ತದೆ. ಅದಕ್ಕೆ ಗೊತ್ತಿಲ್ಲದ, ವಾಹನ ಇಲ್ಲದ ಒಂದು ಜಾಗಕ್ಕೆ ಕರೆದುಕೊಂಡು ಹೋಗಿ. ಎದೆಗೆ ಹಾಕುವ ಬೆಲ್ಟಿಗೆ ಹತ್ತು ಮೀಟರ್ ಹಗ್ಗ ಕಟ್ಟಿ. ಮಾತಾಡದೆ ಸುಮ್ಮನೆ ಹತ್ತು ನಿಮಿಷ ನಡೆಯಿರಿ. ಎಷ್ಟು ಸಲ ತಾನಾಗಿ ತಿರುಗಿ ನಿಮ್ಮನ್ನು ನೋಡಿತು ಎಂದು ಎಣಿಸಿ. ಮೊದಲ ಎರಡು ನಿಮಿಷ ಬಿಟ್ಟುಬಿಡಿ, ಹೊಸ ವಾಸನೆಯ ಸಂಭ್ರಮ ಇರುತ್ತದೆ. ಆಮೇಲೆ ನಿಮಿಷಕ್ಕೊಮ್ಮೆಯಾದರೂ ನೋಡಿದರೆ ನನ್ನ ಮಟ್ಟಿಗೆ ಅದು ಒಳ್ಳೆಯ ನಾಯಿ. ನೀವು ಸಟ್ಟನೆ ದಿಕ್ಕು ಬದಲಿಸಿ ನಡೆದಾಗ ಹಿಂದೆಯೇ ಬಂದರೆ ಇನ್ನೂ ಒಳ್ಳೆಯದು. ಹತ್ತು ನಿಮಿಷವೂ ಹಗ್ಗದ ತುದಿಯಲ್ಲಿ ಎಳೆಯುತ್ತಲೇ ಇದ್ದರೆ, ಮುಂದೆ ವರ್ಷಗಟ್ಟಲೆ ಅದರ ಜೊತೆ ಹಗ್ಗ ಹಿಡಿದೇ ನಡೆಯುವ ಮನಸ್ಸಿದ್ದರೆ ಮಾತ್ರ ತನ್ನಿ.

ಬೇರೆ ದಿನ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಇದನ್ನೇ ಮಾಡಿ. ಅವತ್ತು ಒಂದು ಸ್ಟೀಲ್ ತಟ್ಟೆಯನ್ನೂ ಒಯ್ಯಿರಿ. ಸ್ವಲ್ಪ ದೂರದಲ್ಲಿ ಕೆಳಗೆ ಬೀಳಿಸಿ. ಬೆಚ್ಚುವುದು ತಪ್ಪಲ್ಲ. ಬೆಚ್ಚಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ನಿಮ್ಮ ಕಡೆ ಬಂತೇ, ಓಡಿಹೋಗಲು ಹಗ್ಗ ಜಗ್ಗಿತೇ? ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಕೋಲ, ನೇಮ, ಜಾತ್ರೆಯ ಕಾಲ ಬಂದರೆ ಯಾವ ಹೊತ್ತಿಗೆ ಎಲ್ಲಿ ಗರ್ನಾಲು ಸಿಡಿಯುತ್ತದೆ ಹೇಳಲಾಗುವುದಿಲ್ಲ. ಸದ್ದಿಗೆ ದಿಕ್ಕೆಟ್ಟು ಓಡುವ ನಾಯಿ ಎಷ್ಟು ಕಲಿತಿದ್ದರೂ ಆ ಕ್ಷಣ ನಿಮ್ಮ ಮಾತು ಕೇಳುವುದಿಲ್ಲ.

ಮರಿಯಾದರೆ ಲೆಕ್ಕ ಬೇರೆ. ಏಳೆಂಟು ವಾರದ ಮರಿ ನೋಡಿ ದೊಡ್ಡದಾದ ಮೇಲೆ ಹೇಗಿರುತ್ತದೆ ಎಂದು ಖಚಿತವಾಗಿ ಹೇಳುವುದು ಕಷ್ಟ. ತಾಯಿಯನ್ನು ನೋಡಿ. ಅಪರಿಚಿತರಾದ ನಿಮ್ಮ ಹತ್ತಿರ ತಾಯಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲಿ ಮರಿಗಳ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಮರಿಯನ್ನು ಅಣ್ಣತಮ್ಮಂದಿರಿಂದ ಬೇರೆ ಮಾಡಿ, ನೀವು ಕೂತು, ನೆಲ ತಟ್ಟಿ ಕರೆಯಿರಿ. ಕಾಗದದ ಉಂಡೆ ಎಸೆದು ನೋಡಿ. ಎತ್ತಿಕೊಂಡು ನಿಮ್ಮ ಕಡೆಗೇ ಬಂದರೆ ಶುಭ ಸೂಚನೆ.

ಹೆಜ್ಜೆ 5: ತರುವ ಮೊದಲು ಕೇಳಬೇಕಾದ್ದು

ಮಾರುವವರು ತಾಯಿಯನ್ನು ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಹೊರಡಿ. ಹೆದ್ದಾರಿ ಪಕ್ಕ ಕಾರು ನಿಲ್ಲಿಸಿ ಬುಟ್ಟಿಯಲ್ಲಿ ಮರಿ ಕೊಡುವವರ ಹತ್ತಿರ ವ್ಯವಹಾರವೇ ಬೇಡ. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಲ್ಯಾಬ್, ಶೆಫರ್ಡ್, ಗೋಲ್ಡನ್ ಆದರೆ ತಂದೆ ತಾಯಿಯ ಸೊಂಟದ ಎಕ್ಸ್‌ರೇ ಇದೆಯೇ ಕೇಳಿ. ಸೊಂಟದ ಕೀಲು ಸಡಿಲ ಇರುವ ನಾಯಿ ಗುಡ್ಡೆ ಹತ್ತಲಾರದೆ ನರಳುವುದನ್ನು ನೋಡಲಾಗುವುದಿಲ್ಲ.

ತೂಕದ ಬಗ್ಗೆ ಒಂದು ಮಾತು. ಗುಡ್ಡೆಯ ಮೇಲೆ ನಾಯಿಯ ಕಾಲು ಮುರಿದರೆ ರಸ್ತೆಯವರೆಗೆ ಹೊತ್ತು ತರಬೇಕಾದವರು ನೀವೇ. 38 ಕಿಲೋ ನಾಯಿಯನ್ನು ಒಬ್ಬರೇ ಎರಡು ಕಿಲೋಮೀಟರ್ ಹೊರಬಲ್ಲಿರಾ? ಅಕ್ಕಿ ಮೂಟೆ ಹೆಗಲಿಗೇರಿಸಿ ಅಂಗಳದಲ್ಲಿ ಒಂದು ಸುತ್ತು ಹಾಕಿ ನೋಡಿದರೆ ಉತ್ತರ ಸಿಗುತ್ತದೆ. 15ರಿಂದ 25 ಕಿಲೋ ನನಗೆ ಸರಿಯಾದ ಅಳತೆ ಅನಿಸಿದೆ.

ಲಸಿಕೆಯಲ್ಲಿ ರೇಬೀಸ್ ಎಲ್ಲರಿಗೂ ಗೊತ್ತು. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಯವರು ಇಲಿ ಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಬೇಕು. ಮಳೆಗಾಲದಲ್ಲಿ ನಿಂತ ನೀರು, ಕೆಸರು ಗದ್ದೆಯಲ್ಲಿ ಇಲಿಯ ಮೂತ್ರದಿಂದ ಹರಡುವ ಕಾಯಿಲೆ ಅದು. ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ವರ್ಷ ವರ್ಷ ಮತ್ತೆ ಹಾಕಿಸಬೇಕು. ಮಳೆ ಶುರುವಾಗುವ ಮೊದಲು, ಮೇ ತಿಂಗಳಲ್ಲೇ, ನಾನು ಹಾಕಿಸಿಬಿಡುತ್ತೇನೆ.

ಹೆಜ್ಜೆ 6: ಚೈನ್ ಬಿಚ್ಚುವ ಮೊದಲಿನ ತಿಂಗಳುಗಳು

ಯಾವ ತಳಿ ತಂದರೂ ಇದನ್ನು ಬಿಟ್ಟು ದಾರಿಯಿಲ್ಲ. ಮೊದಲು ಮನೆಯವರೆಲ್ಲ ಕೂತು ಕರೆಯುವ ಒಂದು ಶಬ್ದ ತೀರ್ಮಾನ ಮಾಡಿ. ನಮ್ಮ ಕಡೆಯ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಅಜ್ಜಿ ತುಳುವಿನಲ್ಲಿ "ಬಲ" ಅನ್ನುತ್ತಾರೆ, ಅಪ್ಪ "ಬಾ" ಅನ್ನುತ್ತಾರೆ, ಪಕ್ಕದ ಮನೆಯ ಕೊಂಕಣಿಯವರು "ಯೋ" ಅನ್ನುತ್ತಾರೆ, ಮಕ್ಕಳು "ಕಮ್" ಅನ್ನುತ್ತಾರೆ. ನಾಯಿಗೆ ಎಲ್ಲವೂ ಬರೀ ಗಲಾಟೆ. ನಮ್ಮ ಮನೆಯಲ್ಲಿ "ಬಲ" ಉಳಿಸಿಕೊಂಡೆವು, ಜೊತೆಗೆ ಒಂದು ಸಿಳ್ಳೆ. ಪೀಪಿಯ ಸಿಳ್ಳೆ ಒಳ್ಳೆಯದು. ಕಡಲ ಗಾಳಿಯಲ್ಲೂ ಕೇಳಿಸುತ್ತದೆ, ನಮ್ಮ ಸಿಟ್ಟು, ಹೆದರಿಕೆ ಅದರ ದನಿಯಲ್ಲಿ ಸೇರುವುದಿಲ್ಲ.

ಆ ಶಬ್ದಕ್ಕೆ ಬೆಲೆ ಕಟ್ಟಿ. ದಿನದ ಬಿಸ್ಕತ್ತು ಸಾಲದು. ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನು, ಕೋಳಿಯ ಲಿವರ್, ಸಸ್ಯಾಹಾರಿ ಮನೆಯಾದರೆ ಪನೀರ್. ಇದು ಕರೆದು ಬಂದಾಗ ಮಾತ್ರ ಸಿಗಬೇಕು, ಬೇರೆ ಯಾವಾಗಲೂ ಸಿಗಬಾರದು. ಉಪ್ಪು ಹಾಕಿದ ಒಣಮೀನು ಬೇಡ.

ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಕರೆಯುವುದರಿಂದ ಶುರು ಮಾಡಿ. ಆಮೇಲೆ ಅಂಗಳ. ಆಮೇಲೆ ಉದ್ದ ಹಗ್ಗದಲ್ಲಿ ಖಾಲಿ ಗದ್ದೆ. ಹತ್ತು ಸಲ ಕರೆದರೆ ಒಂಬತ್ತು ಸಲ ಮೊದಲ ಕರೆಗೇ ಬಂದರೆ ಮಾತ್ರ ಮುಂದಿನ ಜಾಗಕ್ಕೆ ಹೋಗಿ. ಎರಡು ಸಲ ಬರಲಿಲ್ಲ ಅಂದರೆ ಆ ಜಾಗ ಅದಕ್ಕೆ ಇನ್ನೂ ಕಷ್ಟ. ಒಂದು ಹೆಜ್ಜೆ ಹಿಂದೆ ಬನ್ನಿ. ಕೋಳಿ, ಹಸು, ಬೇರೆ ನಾಯಿ, ತೀರದಲ್ಲಿ ಬಲೆ ಎಳೆಯುವ ಜನ, ಇವೆಲ್ಲ ಒಂದೊಂದು ಬೇರೆ ಪಾಠ. ಕೋಳಿಯ ಪಾಠಕ್ಕೆ ನಮಗೆ ಎರಡು ತಿಂಗಳು ಹಿಡಿಯಿತು. ಮೂವತ್ತು ಅಡಿ ದೂರದಿಂದ ಶುರು ಮಾಡಿ, ವಾರಕ್ಕೊಂದಿಷ್ಟು ಹತ್ತಿರ ಹೋದೆವು.

ಕರೆದು ಬಂದ ಮೇಲೆ ಹತ್ತರಲ್ಲಿ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ. ಕರೆದಾಗಲೆಲ್ಲ ಚೈನ್ ಹಾಕಿ ಮನೆಗೆ ಎಳೆದರೆ, ಬಂದರೆ ಆಟ ಮುಗಿಯಿತು ಎಂದು ನಾಯಿ ಒಂದೇ ವಾರದಲ್ಲಿ ಕಲಿಯುತ್ತದೆ. ತಡವಾಗಿ ಬಂದದ್ದಕ್ಕೆ ಬೈಯುವುದು ಅದಕ್ಕಿಂತ ದೊಡ್ಡ ತಪ್ಪು. ಎಷ್ಟೇ ಸಿಟ್ಟಿರಲಿ, ಬಂದ ನಾಯಿಗೆ ಬೈಗುಳ ಇಲ್ಲ.

ಆರರಿಂದ ಹದಿನೆಂಟು ತಿಂಗಳ ನಡುವೆ ಕಲಿತದ್ದೆಲ್ಲ ಮರೆತಂತೆ ಆಡುತ್ತದೆ. ಹರೆಯ ಅದು. ಹೆದರಬೇಡಿ, ಹಗ್ಗವನ್ನು ಮತ್ತೆ ಕಟ್ಟಿ. ದೊಡ್ಡ ತಳಿಗಳ ಮೂಳೆ ಬಲಿಯಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಬೈಕಿನ ಹಿಂದೆ ಓಡಿಸುವುದು, ಉದ್ದ ಚಾರಣ ಬೇಡ.

ಹೆಜ್ಜೆ 7: ಎಲ್ಲಿ ಬಿಚ್ಚಬಾರದು

ಎಷ್ಟೇ ನಂಬಿಕೆಯ ನಾಯಿಯಾದರೂ ಕೆಲವು ಜಾಗಗಳಲ್ಲಿ ಚೈನ್ ಕೈಯಲ್ಲೇ ಇರಬೇಕು. ಕೆಲವು ಕಡೆ ಹೋಗಲೇಬಾರದು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಮತ್ತು ಮೂಕಾಂಬಿಕಾ ಅಭಯಾರಣ್ಯಗಳು ನಾಯಿ ಕರೆದೊಯ್ಯುವ ಜಾಗವಲ್ಲ. ನಮ್ಮ ನಾಯಿಯ ಕಾಯಿಲೆ ಅಲ್ಲಿನ ಪ್ರಾಣಿಗಳಿಗೆ ತಾಗಬಹುದು. ಮಲೆನಾಡಿನ ಅಂಚಿನ ಕಾಡುಗಳಲ್ಲಿ ಬೇಸಿಗೆಗೆ ಮಂಗನ ಕಾಯಿಲೆಯ ಉಣ್ಣಿಯ ಭಯವೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ನಾಯಿಯ ಮೈಮೇಲೆ ಕೂತ ಉಣ್ಣಿ ನಿಮ್ಮ ಹಾಸಿಗೆಯವರೆಗೆ ಬರುತ್ತದೆ.

ಪಡುಬಿದ್ರಿಯ ಎಂಡ್ ಪಾಯಿಂಟ್ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು, ಪಡೆದ ತೀರ. ಆ ಗುರುತು ಸಿಕ್ಕ ತೀರಗಳಲ್ಲಿ ನಾಯಿಗಳ ಮೇಲೆ ಕಟ್ಟುನಿಟ್ಟಿನ ಹತೋಟಿ ಇರಬೇಕೆಂಬ ನಿಯಮವಿದೆ. ಕುಂದಾಪುರದ ಕೋಡಿ, ಸಸಿಹಿತ್ಲು ಕಡೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ನಾಯಿ ಮರಳು ಕೆದಕಿದರೆ ಒಂದು ಗೂಡೇ ಹೋಯಿತು. ಆ ತಿಂಗಳುಗಳಲ್ಲಿ ಅಲ್ಲಿ ಹಗ್ಗ ಬಿಡಬೇಡಿ. ತೀರದಲ್ಲಿ ಬಲೆಯಿಂದ ಬಿಸಾಡಿದ ಮೀನನ್ನೂ ನೋಡಿಕೊಳ್ಳಿ. ಚೆಂಡಿನಂತೆ ಉಬ್ಬುವ ಪಫರ್ ಮೀನು ತಿಂದರೆ ನಾಯಿ ಉಳಿಯುವುದು ಕಷ್ಟ. ಮಳೆಗಾಲದ ಕಡಲಿಗೆ ನಾಯಿಯೂ ಬೇಡ, ನಾವೂ ಬೇಡ.

ಗುಡ್ಡೆಯಲ್ಲಿ ಕಟ್ಟೆ ಇಲ್ಲದ ಬಾವಿ, ನೀರು ತುಂಬಿದ ಕೋರೆ, ಹಂದಿಗೆ ಇಟ್ಟ ಉರುಳು, ಕರೆಂಟ್ ಬೇಲಿ. ಹೊಸ ಜಾಗಕ್ಕೆ ಮೊದಲ ಸಲ ನಾಯಿ ಇಲ್ಲದೆ ಒಬ್ಬರೇ ಹೋಗಿ ನೋಡಿ ಬನ್ನಿ. ಅಲ್ಲಿ ದನ ಮೇಯಿಸುವವರನ್ನು ಮಾತಾಡಿಸಿ, ಅವರಿಗೆ ಎಲ್ಲ ಗೊತ್ತಿರುತ್ತದೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ (ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತಿನ ಮದ್ದು) ಹೊಡೆದ ದಿನ ಆ ಕಡೆ ತಲೆ ಹಾಕಬೇಡಿ. ಕತ್ತಲಾಗುವ ಮೊದಲು ವಾಪಸ್ ಬನ್ನಿ. ನಮ್ಮ ಹಳ್ಳಿಗಳಲ್ಲಿ ಚಿರತೆಗೆ ನಾಯಿ ಎಂದರೆ ಸುಲಭದ ಊಟ. ಕೊರಳಿಗೆ ಒಂದು ಸಣ್ಣ ಗಂಟೆ ಕಟ್ಟಿದರೆ ಪೊದೆಯೊಳಗೆ ಎಲ್ಲಿದೆ ಎಂದು ನಿಮಗೆ ತಿಳಿಯುತ್ತದೆ.

ಹಾವು ಕಚ್ಚಿದರೆ ಕಚ್ಚಿದ ಜಾಗ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಮಾಡಬೇಡಿ. ನಡೆಸದೆ ಎತ್ತಿಕೊಂಡು ಹೋಗಿ. ಹಾವಿನ ವಿಷದ ಮದ್ದು ಇಟ್ಟಿರುವ ಪಶು ಆಸ್ಪತ್ರೆ ಯಾವುದು ಎಂದು ಇವತ್ತೇ ಫೋನ್ ಮಾಡಿ ಕೇಳಿ, ನಂಬರ್ ಬರೆದಿಡಿ. ಸೆಕೆಗೆ ಕುಸಿದರೆ ನೆರಳಿಗೆ ತಂದು, ಮೈಮೇಲೆ ಬಾವಿ ನೀರು ಸುರಿಯುತ್ತಾ ಗಾಳಿ ಹಾಕಿ. ಒದ್ದೆ ಬಟ್ಟೆ ಹೊದಿಸಿ ಹಾಗೇ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ತಣಿಸಿದ ಮೇಲೆ ಆಸ್ಪತ್ರೆಗೆ.

ಮೊದಲ ದಿನ

ನವೆಂಬರ್‌ನ ಒಂದು ಬೆಳಿಗ್ಗೆ ಆರಿಸಿಕೊಳ್ಳಿ. ಮಳೆ ನಿಂತಿರುತ್ತದೆ, ಕೊಯ್ಲು ಮುಗಿದು ಗದ್ದೆ ಬಯಲಾಗಿರುತ್ತದೆ, ಗಾಳಿ ತಂಪು. ಆರೂವರೆಗೆ ಹೊರಡಿ, ನಾಯಿ ಹಸಿದಿರಲಿ. ಕಿಸೆಯಲ್ಲಿ ಬೂತಾಯಿ, ಕೊರಳಲ್ಲಿ ಸಿಳ್ಳೆ. ಹಗ್ಗವನ್ನು ಬೆಲ್ಟಿನಿಂದ ಬಿಚ್ಚಬೇಡಿ, ನಿಮ್ಮ ಕೈಯಿಂದ ಮಾತ್ರ ಬಿಡಿ. ಅದು ನೆಲದಲ್ಲಿ ಎಳೆದುಕೊಂಡು ಹೋಗಲಿ, ಬೇಕಾದರೆ ಕಾಲಲ್ಲಿ ಮೆಟ್ಟಿ ಹಿಡಿಯಬಹುದು. ಹಿಂದೆಯೇ ಓಡಬೇಡಿ. ನೀವು ನಿಮ್ಮ ಪಾಡಿಗೆ ಬೇರೆ ದಿಕ್ಕಿಗೆ ನಡೆಯಿರಿ. ನಮ್ಮ ಊರ ನಾಯಿ ಚೋಮಿ ಮೊದಲ ದಿನ ಗದ್ದೆಯ ನಡುವಿನವರೆಗೆ ಓಡಿ, ನಿಂತು, ತಿರುಗಿ ನೋಡಿದಳು. ಸಿಳ್ಳೆ ಊದುವ ಮೊದಲೇ ಹೊರಟಿದ್ದಳು, ನನ್ನ ಕಡೆಗೆ.

ಹತ್ತು ನಿಮಿಷ ಸಾಕು. ಎಂಟು ಗಂಟೆಯ ಒಳಗೆ ಮನೆಗೆ ಬನ್ನಿ, ಕಿವಿಯ ಒಳಗೆ ಒಣ ಬಟ್ಟೆಯಲ್ಲಿ ಒರೆಸಿ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ಒಂದೊಂದಾಗಿ ಬಿಡಿಸಿ ನೋಡಿ.